ಕಲ್ಲು ಬೀಳದೆ ಗಾಜು ಬಿರುಕು ಬಿಟ್ಟಿದೆ, ಕಾರಣ ಏನಿರಬಹುದು?

ಪ್ರಶ್ನೆ: ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮದು ಚಿಕ್ಕ ಆಫೀಸ್ ಕಟ್ಟಡ. ಎರಡನೇ ಮಹಡಿಯ ಪೂರ್ವದ ಕಡೆ ಪೂರ್ತಿ 6 ಮಿ.ಮೀ. ಹಸಿರು ಗಾಜು. ಮೊನ್ನೆ ಬೆಳಿಗ್ಗೆ ಚಳಿ ಇತ್ತು, ಬಿಸಿಲು ಬಿದ್ದು ಅರ್ಧ ಗಂಟೆ ಆಗಿರಬೇಕು, ಟಪ್ ಅಂತ ಸದ್ದಾಯಿತು. ನೋಡಿದರೆ ಕೆಳ ಅಂಚಿನಿಂದ ಮೇಲಕ್ಕೆ ಬಿರುಕು. ಗಾಜು ಹಾಕಿದವರು "ಯಾರೋ ಕಲ್ಲು ಹೊಡೆದಿದ್ದಾರೆ" ಅನ್ನುತ್ತಾರೆ. ಕೆಳಗೆ ಜನ ಓಡಾಡುವ ಜಾಗ, ಭಯ ಆಗುತ್ತಿದೆ.

ಉತ್ತರ: ಬಿರುಕು ಶುರುವಾದ ಜಾಗವನ್ನು ಹತ್ತಿರದಿಂದ ನೋಡಿ. ಕಲ್ಲು ಬಿದ್ದಿದ್ದರೆ ಪುಡಿಯಾದ ಒಂದು ಚುಕ್ಕೆ, ಅದರ ಸುತ್ತ ನಕ್ಷತ್ರದ ಹಾಗೆ ಗೆರೆಗಳು ಇರುತ್ತವೆ. ಅದಿಲ್ಲದೆ, ಅಂಚಿನಿಂದ ನೆಟ್ಟಗೆ 90 ಡಿಗ್ರಿಯಲ್ಲಿ ಎರಡು ಬೆರಳಷ್ಟು ಹೋಗಿ ಆಮೇಲೆ ಓಲಾಡಿದೆಯಾ? ಒಳಗಡೆ ಸನ್ ಫಿಲ್ಮ್, ಅಂದರೆ ಬಿಸಿಲು ತಡೆಯುವ ಹಾಳೆ, ಅಂಟಿಸಿದ್ದೀರಾ?

ಪ್ರಶ್ನೆ ಕೇಳಿದವರು: ಹೌದು ಸರ್, ನೀವು ಹೇಳಿದ ಹಾಗೇ ಇದೆ. ದೀಪಾವಳಿ ಹೊತ್ತಿಗೆ ಕಪ್ಪು ಫಿಲ್ಮ್ ಹಾಕಿಸಿದೆವು, ಸೆಕೆ ತಡೆಯಲು ಆಗುತ್ತಿರಲಿಲ್ಲ. ಈಗ ಕಿತ್ತುಬಿಡಲಾ?

ಉತ್ತರ: ದಯವಿಟ್ಟು ಕೀಳಬೇಡಿ! ಸದ್ಯಕ್ಕೆ ಚೂರುಗಳನ್ನು ಹಿಡಿದಿರುವುದು ಆ ಫಿಲ್ಮ್. ಇವತ್ತೇ ಕೆಳಗೆ ಅಡ್ಡ ಕಟ್ಟಿ, ಜನ ಬರದ ಹಾಗೆ ಮಾಡಿ.

ಇದು ಬಿಸಿಲಿನ ಬಿರುಕು. ಬಣ್ಣದ ಗಾಜು ಮೊದಲೇ ಶಾಖ ಹೀರುತ್ತದೆ, ಫಿಲ್ಮ್ ಅದನ್ನು ಇನ್ನೂ ಜಾಸ್ತಿ ಮಾಡಿತು. ನಡುಭಾಗ ಕಾದು ಹಿಗ್ಗಿತು. ಫ್ರೇಮಿನೊಳಗಿನ ಅಂಚು ರಾತ್ರಿಯ ತಂಪಿನಲ್ಲೇ ಉಳಿದು ಆ ಎಳೆತಕ್ಕೆ ಸೀಳಿತು. ಪ್ಲೇನ್ ಗಾಜಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡದ ಗಾಜಿಗೆ, ಸುಮಾರು 30-40 ಡಿಗ್ರಿ ವ್ಯತ್ಯಾಸವೇ ಸಾಕು. ಕತ್ತರಿಸುವಾಗ ಅಂಚು ಮುಕ್ಕಾಗಿದ್ದರೆ ಅದಕ್ಕಿಂತ ಕಡಿಮೆಯಲ್ಲೂ ಹೋಗುತ್ತದೆ.

ಇನ್ನೊಬ್ಬರು: ಹಾಗಾದರೆ ಟಫನ್ಡ್, ಅಂದರೆ ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದ ಗಾಜು, ಹಾಕಿದರೆ ಮುಗೀತಲ್ವಾ?

ಉತ್ತರ: ಬಿರುಕಿನ ಕಾಟ ಮುಗಿಯುತ್ತದೆ, ಬೀಳುವ ಭಯ ಮುಗಿಯುವುದಿಲ್ಲ. ಟಫನ್ಡ್ ಗಾಜಿನೊಳಗೆ ನಿಕಲ್ ಸಲ್ಫೈಡ್‌ನ ಕಣ್ಣಿಗೆ ಕಾಣದ ಕಾಳು ಸೇರಿದ್ದರೆ, ಅದು ವರ್ಷಗಟ್ಟಲೆ ನಿಧಾನವಾಗಿ ಉಬ್ಬಿ ಒಂದು ದಿನ ಇಡೀ ಗಾಜನ್ನೇ ಸಿಡಿಸುತ್ತದೆ. ಮೆಲ್ಬರ್ನ್‌ನ ಐಸಿಐ ಹೌಸ್ ಎಂಬ ಎತ್ತರದ ಕಟ್ಟಡದಲ್ಲಿ ಗಾಜುಗಳು ಒಡೆದಾಗ 1961ರಲ್ಲಿ ಈ ಕಾರಣ ಗೊತ್ತಾಯಿತು. ಹೀಟ್ ಸೋಕ್ ಪರೀಕ್ಷೆ, ಅಂದರೆ ಮೊದಲೇ ಒಲೆಯಲ್ಲಿ ಕಾಯಿಸಿ ಕೆಟ್ಟದ್ದನ್ನು ಅಲ್ಲೇ ಒಡೆಸುವುದು, ಈ ಅಪಾಯವನ್ನು ತುಂಬಾ ತಗ್ಗಿಸುತ್ತದೆ.

ನಿಮ್ಮ ಜಾಗಕ್ಕೆ ನಾನು ಹೀಟ್ ಸ್ಟ್ರೆಂಥನ್ಡ್ (ಟಫನ್ಡ್‌ಗಿಂತ ಸ್ವಲ್ಪ ಕಡಿಮೆ ಗಟ್ಟಿ ಮಾಡಿದ) ಗಾಜಿನ ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ಪದರ ಇಟ್ಟು ಅಂಟಿಸಿದ್ದು, ಹಾಕಿಸುತ್ತಿದ್ದೆ. ಒಡೆದರೂ ನಡುವಿನ ಪದರ ಹಿಡಿದುಕೊಳ್ಳುತ್ತದೆ. ಸೆಕೆಗೆ ಸೋಲಾರ್ ಕಂಟ್ರೋಲ್ ಲೇಪ ಇರುವುದನ್ನೇ ಕೇಳಿ. ಗಾಜು ಎಷ್ಟು ಶಾಖ ಒಳಗೆ ಬಿಡುತ್ತದೆ ಅನ್ನುವ ಅಂಕಿಗೆ ಎಸ್‌ಎಚ್‌ಜಿಸಿ ಅನ್ನುತ್ತಾರೆ; ಅದು 0.3 ಅಂದರೆ ಬಿಸಿಲಿನ ಶಾಖದಲ್ಲಿ 30% ಮಾತ್ರ ಒಳಗೆ. ಫಿಲ್ಮ್ ಬೇಕಾಗುವುದಿಲ್ಲ. ಒಂದು ಮಾತು, ಕಾಯಿಸಿ ಗಟ್ಟಿ ಮಾಡಿದ ಮೇಲೆ ಈ ಗಾಜನ್ನು ಕತ್ತರಿಸಲು ಬರುವುದಿಲ್ಲ. ಅಳತೆ ತೆಗೆಯುವಾಗ ನೀವೂ ಜೊತೆಗೆ ನಿಂತಿರಿ.