ಭಾನುವಾರದ ರೋಸ್ಟ್ ಊಟ ಇಂಗ್ಲೆಂಡಿನ ಮನೆಗಳಲ್ಲಿ ಇನ್ನೂ ಇದೆಯಾ? ಅಲ್ಲಿರುವವರು ಹೇಳಿ

ಮೈಸೂರಿನಿಂದ ಲೀಡ್ಸ್‌ಗೆ ಬಂದಿದ್ದೇವೆ. ಮಗಳ ಪ್ರೈಮರಿ ಶಾಲೆಯಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ರೋಸ್ಟ್ ಊಟ ಕೊಡುತ್ತಾರೆ. ಕೋಳಿ, ಓವನ್‌ನಲ್ಲಿ ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಮೇಲೆ ಗ್ರೇವಿ. ಅದರ ರುಚಿ ಹತ್ತಿಬಿಟ್ಟಿದೆ. "ನನ್ನ ಫ್ರೆಂಡ್ಸ್ ಮನೆಯಲ್ಲೆಲ್ಲ ಭಾನುವಾರ ಮಾಡ್ತಾರೆ, ನಮ್ಮನೇಲಿ ಯಾಕಿಲ್ಲ" ಅಂತ ಶುರುಮಾಡಿದ್ದಾಳೆ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ, ಎಲ್ಲರೂ ಮಾಡುತ್ತಾರೆ ಅನ್ನುತ್ತಾರೆ. ಆಫೀಸಿನ ಹುಡುಗರು, ಈಗ ಯಾರಿಗೆ ಪುರುಸೊತ್ತು ಎಂದು ನಗುತ್ತಾರೆ. ಯಾರ ಮಾತು ನಂಬಬೇಕು? ನಾನು ಕೋಳಿ ತಿನ್ನುತ್ತೇನೆ. ನಮ್ಮ ಯಜಮಾನರು ಸಸ್ಯಾಹಾರಿ, ಮೊಟ್ಟೆ ನಡೆಯುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ಶುರು ಮಾಡಬಹುದಾ? ನಿಮ್ಮ ಸುತ್ತಮುತ್ತ ನೋಡಿದ್ದನ್ನು ಹೇಳಿ.

ರೆಡಿಂಗ್‌ನಿಂದ

ನಮ್ಮ ಬೀದಿಯಲ್ಲಿ ಪ್ರತಿ ವಾರ ಮಾಡುವವರು ಇಲ್ಲವೇ ಇಲ್ಲ. ಭಾನುವಾರ ಬೆಳಗ್ಗೆ ಮಕ್ಕಳ ಫುಟ್‌ಬಾಲ್, ಆಮೇಲೆ ಈಜು, ಆಮೇಲೆ ಯಾರದೋ ಬರ್ತ್‌ಡೇ ಪಾರ್ಟಿ. ಚಳಿಗಾಲದಲ್ಲಿ ಅಜ್ಜ ಅಜ್ಜಿ ಬಂದಾಗ ಮಾಡುತ್ತಾರೆ. ಜುಲೈನಲ್ಲಿ ಯಾರೂ ಓವನ್ ಹಚ್ಚಲ್ಲ. ಆಫೀಸಿನ ಹುಡುಗರು ಹೇಳಿದ್ದೇ ಸರಿ.

ಬಾರ್ನ್ಸ್ಲಿಯಿಂದ

ರೆಡಿಂಗ್‌ನವರ ಮಾತು ಅವರ ಬೀದಿಗೆ ಸರಿ ಇರಬಹುದು. ನಾನು ಯಾರ್ಕ್‌ಶೈರ್ ಮನೆಗೆ ಸೊಸೆಯಾಗಿ ಬಂದವಳು. ನಮ್ಮತ್ತೆ ಮನೆಯಲ್ಲಿ ಭಾನುವಾರ ಒಂದೂವರೆಗೆ ರೋಸ್ಟ್. ಇವತ್ತು ಇದೆಯಾ ಅಂತ ಯಾರೂ ಫೋನ್ ಮಾಡಿ ಕೇಳಲ್ಲ. ಬರಲ್ಲ ಅನ್ನುವವರು ಮಾತ್ರ ಮೊದಲೇ ತಿಳಿಸಬೇಕು.

ಅಲ್ಲಿ ಮೊದಲು ತಟ್ಟೆಗೆ ಬರುವುದು ಮಾಂಸ ಅಲ್ಲ. ದೊಡ್ಡ ಯಾರ್ಕ್‌ಶೈರ್ ಪುಡಿಂಗ್, ಅದರ ಗುಂಡಿ ತುಂಬ ಈರುಳ್ಳಿ ಗ್ರೇವಿ, ಅಷ್ಟೇ. ಅದು ಮುಗಿದ ಮೇಲೆ ಬೀಫ್, ಆಲೂಗಡ್ಡೆ, ತರಕಾರಿ. ಪುಡಿಂಗ್ ಅಂದರೆ ಸಿಹಿ ಅಂದುಕೊಳ್ಳಬೇಡಿ. ಮೈದಾ, ಮೊಟ್ಟೆ, ಹಾಲು ಕಲಸಿ, ಹೊಗೆಯಾಡುವಷ್ಟು ಕಾದ ಕೊಬ್ಬಿಗೆ ಸುರಿದು ಓವನ್‌ನಲ್ಲಿ ಉಬ್ಬಿಸಿದ್ದು. ಈ ಹೆಸರಿನಲ್ಲೇ ಅದರ ವಿಧಾನ 1747ರ ಅಡುಗೆ ಪುಸ್ತಕವೊಂದರಲ್ಲಿ ಅಚ್ಚಾಗಿದೆ. ಇದನ್ನು ಮೊದಲು ಬಡಿಸುವ ಕಾರಣ ಅತ್ತೆ ಮುಚ್ಚಿಡಲ್ಲ. ಮಾಂಸ ದುಬಾರಿ. ಮೊದಲೇ ಹೊಟ್ಟೆ ಅರ್ಧ ತುಂಬಿಸಿದರೆ ಒಂದು ತುಂಡು ಬೀಫ್ ಎಂಟು ಜನಕ್ಕೆ ಸಾಲುತ್ತದೆ. ನಮ್ಮಲ್ಲಿ ಮುದ್ದೆ ಮಾಡುವ ಕೆಲಸವೂ ಇದೇ ಅಲ್ವಾ?

ಇದು ಸುಮ್ನೆ ರುಚಿಗಾಗಿ ಬಂದ ಪದ್ಧತಿ ಅಲ್ಲ. ಚರ್ಚ್‌ಗೆ ಹೋಗುವಾಗ ಮಾಂಸವನ್ನು ಓವನ್‌ಗೆ ಇಟ್ಟು ಹೋದರೆ ಬರುವಷ್ಟರಲ್ಲಿ ಬೆಂದಿರುತ್ತಿತ್ತು. ಮನೆಯಲ್ಲಿ ಓವನ್ ಇಲ್ಲದ ಬಡವರು ಬೀದಿಯ ಬೇಕರಿಯವನಿಗೆ ಕಾಸು ಕೊಟ್ಟು ಅವನ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಅದು ಮುಗಿದ ಮೇಲೂ, 1940ರಿಂದ 1954ರವರೆಗೆ, ಮಾಂಸಕ್ಕೆ ರೇಷನ್ ಇತ್ತು. ಆಗಲೂ ಮನೆಮಂದಿಯ ಪಾಲನ್ನೆಲ್ಲ ಸೇರಿಸಿ ಭಾನುವಾರಕ್ಕೆ ಒಂದು ತುಂಡು ತರುವವರಿದ್ದರು. ಸೋಮವಾರ ಬಟ್ಟೆ ಒಗೆಯುವ ದಿನ. ಅಡುಗೆಗೆ ಪುರುಸೊತ್ತಿಲ್ಲ. ಉಳಿದ ಮಾಂಸ ತಣ್ಣಗೇ ತಟ್ಟೆಗೆ. ಇನ್ನೂ ಉಳಿದರೆ ಕೈಮಾ ಮಾಡಿ, ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಪೈ. ಮಿಕ್ಕ ಕೋಸು, ಆಲೂಗಡ್ಡೆ ಬಾಣಲೆಗೆ ಹಾಕಿ ಹುರಿದರೆ ಬಬಲ್ ಅಂಡ್ ಸ್ಕ್ವೀಕ್. ಒಂದು ಓವನ್ ಬಿಸಿಯಲ್ಲಿ ಮೂರು ದಿನದ ಊಟ ಆಗುತ್ತಿತ್ತು.

ಹಾಗಾದರೆ ಯಾಕೆ ಕಡಿಮೆಯಾಯಿತು? ಪುರುಸೊತ್ತು ಇಲ್ಲ ಅನ್ನುವುದು ಅರ್ಧ ಉತ್ತರ ಅಷ್ಟೇ. ಭಾನುವಾರವೇ ಬದಲಾಯಿತು. 1994ರ ಕಾನೂನು ಬರುವವರೆಗೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಬಾಗಿಲು ತೆರೆಯುವಂತಿರಲಿಲ್ಲ. ಈಗಲೂ ಭಾನುವಾರ ಆರು ತಾಸು ಮಾತ್ರ ತೆರೆದಿರುತ್ತವೆ, ನೀವೂ ಗಮನಿಸಿರುತ್ತೀರಿ. ಪಬ್‌ಗಳೂ ಮೂರಕ್ಕೆ ಮುಚ್ಚಿ ಮತ್ತೆ ಏಳಕ್ಕೆ ತೆರೆಯುತ್ತಿದ್ದವು. ಅದು ಬದಲಾದದ್ದು 1995ರಲ್ಲಿ. ಹೋಗಲು ಜಾಗವೇ ಇಲ್ಲದ ಮಧ್ಯಾಹ್ನ ಜನ ಮನೆಯಲ್ಲೇ ಇದ್ದರು, ಉಂಡರು. ಈಗ ಆ ಮಧ್ಯಾಹ್ನ ಬಹಳ ಜನ ಕೆಲಸದಲ್ಲಿರುತ್ತಾರೆ. ನಮ್ಮ ಮೈದುನ ಸೂಪರ್ ಮಾರ್ಕೆಟ್‌ನಲ್ಲಿ ಭಾನುವಾರದ ಪಾಳಿ ಮಾಡುತ್ತಾನೆ. ಅವನ ತಟ್ಟೆ ಫಾಯಿಲ್ ಮುಚ್ಚಿಕೊಂಡು ಕಾಯುತ್ತಿರುತ್ತದೆ.

ಒಟ್ಟಿನಲ್ಲಿ ಅಜ್ಜಿ ಹೇಳಿದ್ದೂ ಸುಳ್ಳಲ್ಲ, ಹುಡುಗರದ್ದೂ ಸುಳ್ಳಲ್ಲ. ಹಳೆಯ ತಲೆಯೊಂದು ಹತ್ತಿರ ಇರುವ ಮನೆಗಳಲ್ಲಿ ಉಳಿದಿದೆ. ಮಕ್ಕಳು ಬೇರೆ ಊರಿಗೆ ಹೋದ ಮನೆಗಳಲ್ಲಿ ಕ್ರಿಸ್ಮಸ್, ಈಸ್ಟರ್, ಮದರ್ಸ್ ಡೇಗೆ ಸರಿದಿದೆ.

ಬ್ರಿಸ್ಟಲ್‌ನಿಂದ

ಮನೆ ಬಿಟ್ಟು ಪಬ್‌ಗೆ ಹೋಗಿದೆ ಅನ್ನಿ. ಭಾನುವಾರ ಒಂದರಿಂದ ಮೂರರವರೆಗೆ ಒಳ್ಳೆಯ ಪಬ್‌ನಲ್ಲಿ ಟೇಬಲ್ ಸಿಗಬೇಕಾದರೆ ಮೊದಲೇ ಹೇಳಿರಬೇಕು. ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುವ ಮದರ್ಸ್ ಡೇಗಂತೂ ವಾರಗಟ್ಟಲೆ ಮುಂಚೆ. ನಾಲ್ಕರ ಮೇಲೆ ಹೋದರೆ ಬೀಫ್ ಖಾಲಿ ಅನ್ನುತ್ತಾರೆ. ಒಂದು ತಟ್ಟೆಗೆ 15ರಿಂದ 20 ಪೌಂಡ್, ಲಂಡನ್‌ನಲ್ಲಿ ಇನ್ನೂ ಜಾಸ್ತಿ.

ನಿಮ್ಮ ಯಜಮಾನರಿಗಾಗಿ ಒಂದು ಮಾತು. ಮೆನುವಿನಲ್ಲಿ ಸಸ್ಯಾಹಾರಿ ರೋಸ್ಟ್ ಎಂದು ಬರೆದಿದ್ದರೂ ಕೇಳಿಯೇ ತಿನ್ನಲಿ. ಬೀಜಗಳ ನಟ್ ರೋಸ್ಟ್ ಸಸ್ಯಾಹಾರವೇ. ಪಕ್ಕದ ಆಲೂಗಡ್ಡೆಯನ್ನು ಬಾತುಕೋಳಿ ಕೊಬ್ಬಿನಲ್ಲೋ ದನದ ಕೊಬ್ಬಿನಲ್ಲೋ ಹುರಿದಿರಬಹುದು. ಪುಡಿಂಗ್ ಕೂಡ ಅಷ್ಟೇ. ಗ್ರೇವಿಯಂತೂ ಕೇಳಲೇಬೇಕು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಬಹಳ ಕಡೆ ಸಸ್ಯಾಹಾರಿಗಳಿಗೆ ಬೇರೆ ಟ್ರೇ ಇರುತ್ತದೆ.

ಸ್ವಾನ್ಸಿಯಿಂದ

ನಾನು ವೃದ್ಧಾಶ್ರಮದಲ್ಲಿ ನರ್ಸ್. ಇಲ್ಲಿ ಬೇರೆ ದಿನದ ಮೆನು ಏನೇ ಬದಲಾಗಲಿ, ಭಾನುವಾರ ಮಧ್ಯಾಹ್ನದ್ದು ಮುಟ್ಟುವ ಹಾಗಿಲ್ಲ. ಕುರಿ ಮಾಂಸವಾದರೆ ಪುದೀನ ಸಾಸ್, ಹಂದಿಯಾದರೆ ಸೇಬಿನ ಸಾಸ್, ಬೀಫ್‌ಗೆ ಖಾರದ ಬೇರಿನ ಸಾಸ್, ಅಂದರೆ ಹಾರ್ಸ್‌ರ‍್ಯಾಡಿಶ್. ಅದಲು ಬದಲಾದರೆ ಅಡುಗೆಮನೆಗೆ ದೂರು ಹೋಗುತ್ತದೆ. ವಾರವಿಡೀ ಅರ್ಧ ತಟ್ಟೆ ಬಿಡುವವರೂ ಅವತ್ತು ಇನ್ನೊಂದು ಆಲೂಗಡ್ಡೆ ಕೇಳುತ್ತಾರೆ. ಪಕ್ಕದ ಮನೆಯ ಅಜ್ಜಿಯನ್ನು ಒಂದು ಭಾನುವಾರ ಊಟಕ್ಕೆ ಕರೆಯಿರಿ. ಒಬ್ಬರೇ ಇದ್ದರೆ ಅವರೂ ತಮಗೊಬ್ಬರಿಗಾಗಿ ಓವನ್ ಹಚ್ಚುತ್ತಿರಲಿಕ್ಕಿಲ್ಲ.

ಬರ್ಮಿಂಗ್‌ಹ್ಯಾಮ್‌ನಿಂದ

ನನ್ನದು ಸ್ವಲ್ಪ ತಕರಾರು. ನಾವು ಮಂಡ್ಯದವರು. ಭಾನುವಾರ ಬೆಳಗ್ಗೆ ಮಟನ್ ಅಂಗಡಿ ಮುಂದೆ ನಿಲ್ಲುವುದು, ಮಧ್ಯಾಹ್ನ ಮುದ್ದೆ, ಸಾರು, ಆಮೇಲೆ ನಿದ್ದೆ. ನಮಗೆ ಭಾನುವಾರದ ಊಟ ಮೊದಲೇ ಇತ್ತು. ಅದನ್ನು ಬಿಟ್ಟು ಉಪ್ಪು ಮೆಣಸು ಮಾತ್ರ ಹಾಕಿದ ಮಾಂಸ ಯಾಕೆ ತಿನ್ನಬೇಕು ಅನ್ನುವುದು ನನ್ನ ವಾದ. ಮಕ್ಕಳು ಒಪ್ಪಲಿಲ್ಲ. ಈಗ ಕುರಿ ತೊಡೆಗೆ ಮೊಸರು, ಶುಂಠಿ, ಬೆಳ್ಳುಳ್ಳಿ, ಧನಿಯ, ಮೆಣಸು ಅರೆದು ಹಿಂದಿನ ರಾತ್ರಿಯೇ ಸವರಿ, ಫಾಯಿಲ್ ಮುಚ್ಚಿ 160 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಡುತ್ತೇವೆ. ಪಕ್ಕಕ್ಕೆ ಅವರ ಆಲೂಗಡ್ಡೆ, ಅವರ ಪುಡಿಂಗ್. ಇಲ್ಲಿನ ಪಂಜಾಬಿ, ಪಾಕಿಸ್ತಾನಿ ಮನೆಗಳಲ್ಲೂ ಹೀಗೆ ಮಸಾಲೆ ಸವರಿ ಮಾಡುವವರಿದ್ದಾರೆ. ಇಂಗ್ಲಿಷ್ ನೆಂಟರು ಬಂದಾಗ ಮೊದಲು ಖಾಲಿಯಾಗುವುದು ಅದೇ.

ಕರೆಂಟ್, ಗ್ಯಾಸ್ ಲೆಕ್ಕವನ್ನೂ ಯಾರೂ ಹೇಳಲಿಲ್ಲ. 2022ರಲ್ಲಿ ಬಿಲ್ ಏರಿದ ಮೇಲೆ ನಮ್ಮ ಪರಿಚಯದ ಎಷ್ಟೋ ಮನೆಗಳು ದೊಡ್ಡ ಓವನ್ ಬಿಟ್ಟು ಏರ್ ಫ್ರೈಯರ್‌ಗೆ ಹೋದವು. ಚಿಕ್ಕ ಕೋಳಿ ಅದರಲ್ಲೇ ಚೆನ್ನಾಗಿ ಬೇಯುತ್ತದೆ. ಪುಡಿಂಗ್ ಫ್ರೋಜನ್ ತಂದು ನಾಲ್ಕೈದು ನಿಮಿಷ ಬಿಸಿ ಮಾಡುತ್ತಾರೆ. ಬಾರ್ನ್ಸ್ಲಿ ಅತ್ತೆಗೆ ಇದನ್ನು ಹೇಳಬೇಡಿ.

ಬಾರ್ನ್ಸ್ಲಿಯಿಂದ, ಮತ್ತೆ

ಅತ್ತೆಗೆ ಗೊತ್ತು. ಅವರ ಫ್ರೀಜರ್‌ನಲ್ಲೂ ಒಂದು ಪ್ಯಾಕೆಟ್ ಇದೆ. ಗ್ರೇವಿಗೂ ಡಬ್ಬಿಯಲ್ಲಿ ಸಿಗುವ ರೆಡಿಮೇಡ್ ಗ್ರೇವಿ ಹರಳು ಬೆರೆಸುತ್ತಾರೆ. ಎಲ್ಲವನ್ನೂ ಕೈಯಾರೆ ಮಾಡಬೇಕು ಅನ್ನುವುದು ಟಿವಿ ಅಡುಗೆಯವರ ಮಾತು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ತಿಂಗಳಿಗೊಮ್ಮೆ ಮಾಡೋಣ ಅಂತ ಮಗಳ ಜೊತೆ ಒಪ್ಪಂದವಾಗಿದೆ. ಅಜ್ಜಿಯನ್ನೂ ಕರೆದಿದ್ದೇನೆ, ಊಟದ ಮೇಲಿನ ಸಿಹಿಗೆ ಸೇಬಿನ ಕ್ರಂಬಲ್ ತಾನೇ ತರುತ್ತೇನೆ ಅಂದಿದ್ದಾರೆ. ಒಂದೇ ಓವನ್ ಇದೆ. ಒಂದೂವರೆಗೆ ಎಲ್ಲ ಬಿಸಿಬಿಸಿಯಾಗಿ ಮೇಜಿಗೆ ಬರಬೇಕು. ಕೋಳಿ ಒಂದೂವರೆ ಕೇಜಿ. ಯಜಮಾನರದ್ದು ಬೇರೆ ಇರಬೇಕು. ಗಡಿಯಾರ ಹಿಡಿದು ಹೇಳಿಕೊಡಿ.

ಬಾರ್ನ್ಸ್ಲಿಯಿಂದ

ಬೆಳಗ್ಗೆ ತಿಂಡಿಯಾದ ಮೇಲೆ ಪುಡಿಂಗ್ ಹಿಟ್ಟು ಕಲಸಿ ಇಡಿ. ಒಂದು ಲೋಟ ಮೊಟ್ಟೆ, ಅದೇ ಲೋಟದಲ್ಲಿ ಮೈದಾ, ಅದೇ ಲೋಟದಲ್ಲಿ ಹಾಲು, ಚಿಟಿಕೆ ಉಪ್ಪು. ಲೋಟ ಚಿಕ್ಕದಿರಲಿ. ಇದು ಇಡ್ಲಿ ಹಿಟ್ಟಿನ ಹಾಗೆ ಹುಳಿ ಬರಬೇಕಿಲ್ಲ, ಸುಮ್ಮನೆ ಕೂರಬೇಕು ಅಷ್ಟೇ.

ಹನ್ನೊಂದೂಕಾಲಿಗೆ ಓವನ್ 190ಕ್ಕೆ. ಹನ್ನೊಂದೂವರೆಗೆ ಕೋಳಿ ಒಳಗೆ. ಅದರ ಅಡಿಗೆ ಈರುಳ್ಳಿ, ಕ್ಯಾರೆಟ್ ತುಂಡು ಹಾಕಿ, ಗ್ರೇವಿಗೆ ರುಚಿ ಬರುತ್ತದೆ. ಹನ್ನೆರಡಾದ ಮೇಲೆ ಆಲೂಗಡ್ಡೆ ಸಿಪ್ಪೆ ತೆಗೆದು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಕುದಿಸಿ. ಅಂಗಡಿಯಲ್ಲಿ ಮ್ಯಾರಿಸ್ ಪೈಪರ್ ಅಥವಾ ಕಿಂಗ್ ಎಡ್ವರ್ಡ್ ಅಂತ ನೋಡಿ ತನ್ನಿ, ಹಿಟ್ಟು ಹಿಟ್ಟಾಗಿರುವ ಜಾತಿ. ನೀರು ಬಸಿದು, ಮುಚ್ಚಳ ಹಾಕಿ ಪಾತ್ರೆಯನ್ನು ಜೋರಾಗಿ ಕುಲುಕಿ. ಅಂಚು ಒರಟಾದಷ್ಟೂ ಗರಿಗರಿ. ಹನ್ನೆರಡೂವರೆಗೆ ಓವನ್‌ನಲ್ಲೇ ಕಾದ ಸೂರ್ಯಕಾಂತಿ ಎಣ್ಣೆಯ ಟ್ರೇಗೆ ಹಾಕಿ, ಕೋಳಿಯ ಮೇಲಿನ ಅರೆಯಲ್ಲಿ ಇಡಿ. ಕೆಳಗಿಟ್ಟರೆ ಕೋಳಿ ಕೊಬ್ಬು ಸಿಡಿದು ಯಜಮಾನರಿಗೆ ನಡೆಯಲ್ಲ. ಅವರ ಹೂಕೋಸು, ಚೀಸ್ ಸಾಸಿನದ್ದು, ಮುಂಚೆಯೇ ಬೇಯಿಸಿ ತಯಾರಿಟ್ಟುಕೊಳ್ಳಿ.

ಒಂದು ಗಂಟೆಗೆ ಕೋಳಿ ಹೊರಗೆ. ತೊಡೆಗೆ ಚುಚ್ಚಿದರೆ ರಸ ತಿಳಿಯಾಗಿರಬೇಕು, ಥರ್ಮಾಮೀಟರ್ ಇದ್ದರೆ 75 ಡಿಗ್ರಿ ದಾಟಿರಬೇಕು. ಅರ್ಧ ಗಂಟೆ ಫಾಯಿಲ್ ಸಡಿಲವಾಗಿ ಮುಚ್ಚಿಡಿ, ತಣ್ಣಗಾಗಲ್ಲ. ಈ ಅರ್ಧ ಗಂಟೆಯೇ ನಿಮಗೆ ಸಿಗುವ ಓವನ್ ಜಾಗ. ಬಿಸಿ 220ಕ್ಕೆ ಏರಿಸಿ, ಕೋಳಿ ಇದ್ದ ಜಾಗಕ್ಕೆ ಹೂಕೋಸು ತಳ್ಳಿ, ಮಫಿನ್ ಟ್ರೇಯ ಗುಂಡಿಗಳಿಗೆ ಸ್ವಲ್ಪ ಎಣ್ಣೆ ಹಾಕಿ ಆಲೂಗಡ್ಡೆ ಪಕ್ಕದಲ್ಲೇ ಕಾಯಿಸಿ. ಒಂದು ಹತ್ತಕ್ಕೆ ಹಿಟ್ಟು ಸುರಿಯಿರಿ. ಸುರಿದಾಗ ಚುಂಯ್ ಅನ್ನಬೇಕು. ಆಮೇಲೆ ಇಪ್ಪತ್ತು ನಿಮಿಷ ಬಾಗಿಲು ತೆರೆಯಬೇಡಿ. ತೆರೆದರೆ ಕುಸಿದು ದಪ್ಪ ದೋಸೆಯಾಗುತ್ತದೆ.

ಅಷ್ಟರಲ್ಲಿ ಒಲೆಯ ಮೇಲೆ ಎರಡು ಗ್ರೇವಿ. ಕೋಳಿ ಟ್ರೇಯ ರಸಕ್ಕೆ ಮೈದಾ ಮತ್ತು ನೀರು ಸೇರಿಸಿ ಕುದಿಸಿದ್ದು ಒಂದು. ಈರುಳ್ಳಿ ಕಂದುಬಣ್ಣ ಬರುವವರೆಗೆ ಹುರಿದು, ಮೈದಾ, ತರಕಾರಿ ಸ್ಟಾಕ್ (ತರಕಾರಿ ಬೇಯಿಸಿದ ನೀರು) ಹಾಕಿದ್ದು ಇನ್ನೊಂದು. ಬಟಾಣಿ ಕೊನೆಯ ಮೂರು ನಿಮಿಷಕ್ಕೆ. ತಟ್ಟೆಗಳನ್ನು ಬಿಸಿ ನೀರಿನಲ್ಲಿ ತೊಳೆದು ಬೆಚ್ಚಗಿಡಿ. ಪುಡಿಂಗ್ ಓವನ್‌ನಿಂದ ಬಂದ ಕೂಡಲೇ ಬಡಿಸಬೇಕು. ಅದಕ್ಕೇ ಒಂದು ಇಪ್ಪತ್ತೈದಕ್ಕೆ ಎಲ್ಲರನ್ನೂ ಮೇಜಿಗೆ ಕೂರಿಸಿಬಿಡಿ, ಅಜ್ಜಿ ಆಗಲೇ ಬಂದಿರುತ್ತಾರೆ.