ಎರಡು ರಾತ್ರಿ ಬುತ್ತಿ ಇಲ್ಲದೆ ಬಯಲಲ್ಲಿ ಇರೋಕೆ ಆಗುತ್ತಾ? (ಚಿತ್ರದುರ್ಗ, ದಾವಣಗೆರೆ ಕಡೆ)

ಬೆಣ್ಣೆನಗರಿ_ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಈ ದೀಪಾವಳಿ ರಜೆಗೆ ನಾನು ಮತ್ತು ಇಬ್ಬರು ಗೆಳೆಯರು ಎರಡು ರಾತ್ರಿ ಟೆಂಟ್ ಹಾಕಿ ಹೊರಗೆ ಇರಬೇಕು ಅಂದುಕೊಂಡಿದ್ದೇವೆ. ಊಟ ಒಯ್ಯುವುದು ಬೇಡ, ಅಲ್ಲೇ ಸಿಕ್ಕಿದ್ದನ್ನು ತಿಂದು, ಸಿಕ್ಕ ನೀರು ಕುಡಿದು, ಬೆಂಕಿ ನಾವೇ ಮಾಡಿಕೊಂಡು ಇರಬೇಕು ಅಂತ ಆಸೆ. ಯೂಟ್ಯೂಬ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ, ಆದರೆ ಅದೆಲ್ಲ ಹಿಮ, ಹೊಳೆ, ದೊಡ್ಡ ಕಾಡು. ನಮ್ಮ ಕಡೆ ಕುರುಚಲು, ಬಂಡೆ, ಹೊಲ ಅಷ್ಟೇ ಅಲ್ವಾ? ಜೋಗಿಮಟ್ಟಿ ಮನಸ್ಸಿನಲ್ಲಿದೆ. ಏನು ತಿನ್ನಬಹುದು, ಎಲ್ಲಿ ಇರಬಹುದು, ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮಜ್ಜಿಗೆ ಇದೆಲ್ಲ ಗೊತ್ತಿತ್ತು, ಅವರಿದ್ದಾಗ ನಾನು ಕೇಳಲಿಲ್ಲ.

ದುರ್ಗದ_ಬಂಡೆ
ತಮ್ಮಾ, ಜೋಗಿಮಟ್ಟಿ ಮಾತು ಮೊದಲು ಬಿಡು. ಅದು ವನ್ಯಜೀವಿಧಾಮ. ಅನುಮತಿ ಇಲ್ಲದೆ ರಾತ್ರಿ ಉಳಿಯುವುದು, ಬೆಂಕಿ ಹಚ್ಚುವುದು, ಹಣ್ಣು ಸೊಪ್ಪು ಕೀಳುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ಮೊಲ, ಕೌಜುಗ, ಉಡಕ್ಕೆ ಉರುಳು ಹಾಕುವ ಯೋಚನೆ ಇದ್ದರೆ ಅದೂ ಬೇಡ, ಕಾಡಾಗಲಿ ಹೊಲವಾಗಲಿ ಕೇಸು ಕೇಸೇ.

ಕಾನೂನು ಒಂದು ಕಡೆ ಇರಲಿ, ಅಲ್ಲಿ ಕರಡಿ ಇವೆ. ಸೀತಾಫಲ ಹಣ್ಣಾಗುವ ಕಾಲಕ್ಕೆ ಅವೂ ಅದನ್ನೇ ಹುಡುಕಿಕೊಂಡು ಓಡಾಡುತ್ತವೆ. ಬಂಡೆ ಸಂದಿ, ಗವಿ ನೋಡಿದರೆ ಮಲಗೋಕೆ ಎಷ್ಟು ಚೆನ್ನಾಗಿದೆ ಅನ್ನಿಸುತ್ತದಲ್ಲ, ಕರಡಿಗೂ ಹಾಗೇ ಅನ್ನಿಸುತ್ತದೆ.

ಗಂಟು ಹಾಕುವುದು, ಟೆಂಟ್ ಕಟ್ಟುವುದು, ಒಲೆ ಹೂಡುವುದು ಕಲಿಯಬೇಕಿದ್ದರೆ ನಿಮ್ಮೂರ ಪಕ್ಕದ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಇದೆ, ಅಲ್ಲಿ ಹೋಗಿ ಕೇಳು. ರಾತ್ರಿ ಉಳಿಯುವುದಕ್ಕೆ ಗೊತ್ತಿರುವವರ ಹೊಲ ಹುಡುಕು.

ಶೇಂಗಾ_ಹೊಲ
ನಾನು ಚಳ್ಳಕೆರೆ ಕಡೆಯ ರೈತ. ನಿನ್ನ ಪ್ರಶ್ನೆ ಓದಿ ಖುಷಿಯಾಯಿತು ತಮ್ಮಾ, ಈಗ ಇದನ್ನು ಕೇಳುವವರೇ ಕಮ್ಮಿ.

ಆದರೆ ಒಂದು ಮಾತು. ಬಯಲನ್ನು ಕುರಿಗಾರರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಹೇಳು? ಪ್ರತಿ ವರ್ಷ ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ, ತಿಂಗಳುಗಟ್ಟಲೆ ಮನೆ ಕಡೆ ಹೋಗುವುದಿಲ್ಲ. ಅವರ ಗಂಟು ಬಿಚ್ಚಿದರೂ ರಾಗಿ ಹಿಟ್ಟು, ಉಪ್ಪು, ಮೆಣಸಿನಕಾಯಿ ಇದ್ದೇ ಇರುತ್ತದೆ. ಹೆಗಲ ಮೇಲೆ ಕಂಬಳಿ. ಹಿಟ್ಟು ಮನೆಯದು, ಸೊಪ್ಪು ಬಯಲಿನದು. ಚಳ್ಳಕೆರೆ ಕಡೆ ಮಳೆಯೇ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಈ ನೆಲ ಕೈತುಂಬ ಕೊಡುವುದಿಲ್ಲ, ಕೊಡುವ ಕಾಲಕ್ಕೆ ಮಾತ್ರ ಕೊಡುತ್ತದೆ.

ಲೆಕ್ಕ ಹಾಕಿ ನೋಡು. ದಿನಕ್ಕೆ ಒಬ್ಬ ಮನುಷ್ಯನಿಗೆ 2000 ಕ್ಯಾಲೊರಿ ಆದರೂ ಬೇಕು, ಗುಡ್ಡ ಹತ್ತಿದರೆ ಇನ್ನೂ ಜಾಸ್ತಿ. ಒಂದು ಕಿಲೋ ಸೊಪ್ಪು ಬಿಡಿಸಿ ಬೇಯಿಸಿದರೂ 300 ದಾಟುವುದು ಕಷ್ಟ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಅಷ್ಟು ಬಂದುಬಿಡುತ್ತದೆ. ಅದಕ್ಕೇ ತಲೆಗೆ ಅರ್ಧ ಕಿಲೋ ಹಿಟ್ಟು, ಒಂದಿಷ್ಟು ಉಪ್ಪು ತನ್ನಿ. ಉಳಿದದ್ದು ಹುಡುಕೋಣ. ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಕಿರಕಸಾಲೆ ನಮ್ಮ ಬದುಗಳಲ್ಲೇ ಇವೆ. ನಮ್ಮಮ್ಮ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮಡಿಲು ತುಂಬಿಸುತ್ತಾರೆ. ಸೀತಾಫಲ ಕೊನೆ ಹಣ್ಣು ಸಿಕ್ಕರೆ ಸಿಗಬಹುದು.

ನಿಜವಾಗಿ ಹೊಟ್ಟೆ ತುಂಬಿಸುವುದು ಶೇಂಗಾ ಹಕ್ಕಲು. ಕಿತ್ತು ಮುಗಿದ ಹೊಲದಲ್ಲಿ ಒಂದು ಮಳೆ ಬಿದ್ದಮೇಲೆ ಹೋಗಬೇಕು, ಆಗ ಕೆಂಪು ಮಣ್ಣು ಮೆತ್ತಗಿರುತ್ತದೆ. ಗಿಡ ಕಿತ್ತ ಗುಳಿ ಇನ್ನೂ ಕಾಣುತ್ತಿರುತ್ತದೆ, ಅದರ ಸುತ್ತ ಕುಡುಗೋಲಿನ ತುದಿಯಿಂದ ನಾಲ್ಕು ಬೆರಳು ಆಳ ಕೆದಕಿದರೆ ಕಳಚಿ ಉಳಿದ ಕಾಯಿ ಸಿಗುತ್ತವೆ. ಮೊಳಕೆ ಬಂದದ್ದು ಬಿಡಿ. ಬೂಸ್ಟು ಹಿಡಿದದ್ದನ್ನು ಬಾಯಿಗೆ ಹಾಕಲೇಬಾರದು, ಅದು ಲಿವರ್‌ಗೆ ವಿಷ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಗ್ಗಿ ಆಯ್ದರೆ ಒಬ್ಬರಿಗೆ ಸೇರು, ಎರಡು ಸೇರು. ಸಂಜೆ ಒಣ ಸೆದೆ ಹರಡಿ, ಕಾಯಿ ಸುರಿದು, ಮೇಲೆ ಇನ್ನಷ್ಟು ಸೆದೆ ಹಾಕಿ ಹಚ್ಚಿ, ಉರಿ ಇಳಿಯುವವರೆಗೆ ಕೋಲಿನಿಂದ ಕೆದಕುತ್ತಿರಬೇಕು. ಸಿಪ್ಪೆ ಕಪ್ಪಾಗಿ ಚಟಚಟ ಅನ್ನುವಾಗ ಮಣ್ಣೆಳೆದು ಆರಿಸಿ, ಬಿಸಿಬಿಸಿ ಒಡೆದು ತಿನ್ನಿ. ಹಕ್ಕಲಿಗೂ ಹೊಲದವರನ್ನು ಕೇಳಿಯೇ ಇಳಿಯಬೇಕು, ಯಾರೂ ಬೇಡ ಅನ್ನುವುದಿಲ್ಲ.

ಹೊಳಲ್ಕೆರೆ_ಅಕ್ಕ
ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ವಿಡಿಯೋಗಳಲ್ಲಿ "ಸ್ವಲ್ಪ ನಾಲಿಗೆಗೆ ಹಚ್ಚಿ ನೋಡಿ, ಕಹಿ ಇಲ್ಲದಿದ್ದರೆ ತಿನ್ನಿ" ಅನ್ನುತ್ತಾರಲ್ಲ, ಅದನ್ನು ನಂಬಬೇಡಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಬೇಲಿಯ ಮರಹರಳಿನ ಬೀಜ ನಾಲ್ಕೈದು ಒಡೆದು ತಿಂದಿದ್ದೆ. ಕಹಿ ಇರಲಿಲ್ಲ, ಶೇಂಗಾದ ಹಾಗೇ ಇತ್ತು. ಗಂಟೆ ಕಳೆಯುವುದರೊಳಗೆ ವಾಂತಿ ಶುರುವಾಗಿ ರಾತ್ರಿಯಿಡೀ ನಿಲ್ಲಲಿಲ್ಲ, ಅಪ್ಪ ಸೈಕಲ್ ಮೇಲೆ ಆಸ್ಪತ್ರೆಗೆ ಒಯ್ದರು. ಹೆಸರು ಗೊತ್ತಿಲ್ಲದ್ದನ್ನು, ತಿಂದು ಬಲ್ಲವರು ಪಕ್ಕದಲ್ಲಿಲ್ಲದಿದ್ದರೆ, ಮುಟ್ಟಲೇಬೇಡಿ. ಗುಲಗಂಜಿ, ದತ್ತೂರಿ ಎರಡನ್ನೂ ಹೋಗುವ ಮುಂಚೆಯೇ ಗುರುತು ಮಾಡಿಕೊಳ್ಳಿ.

ನಾನೀಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೆ ಹಾವಿನ ಮಾತೂ ಹೇಳಬೇಕು. ಬರೀ ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ರಾತ್ರಿ ಓಡಾಡುವುದು, ಕಚ್ಚಿದ್ದು ನಿದ್ದೆಯಲ್ಲಿ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಟೆಂಟ್ ಜಿಪ್ ಪೂರ್ತಿ ಹಾಕಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧ ಯಾವುದೂ ಬೇಡ. ಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಹಗಲೇ ನೋಡಿಟ್ಟುಕೊಳ್ಳಿ.

ಬೆಣ್ಣೆನಗರಿ_ಹುಡುಗ
ಅಣ್ಣಾ, ಅಕ್ಕಾ, ತುಂಬಾ ಥ್ಯಾಂಕ್ಸ್. ಜೋಗಿಮಟ್ಟಿ ಬಿಟ್ಟೆವು. ಹಿಟ್ಟು ಉಪ್ಪು ತರುತ್ತೇವೆ. ನೀರು ಮಾತ್ರ ಅಲ್ಲೇ ಹುಡುಕಿ ಕುಡಿಯಬೇಕು ಅಂತ ಆಸೆ ಇದೆ, ಅದು ಹೇಗೆ?

ಶೇಂಗಾ_ಹೊಲ
ಮೊದಲ ದಿನಕ್ಕೆ ತಲೆಗೆ 5 ಲೀಟರ್ ಹೊತ್ತುಕೊಂಡೇ ಬನ್ನಿ. ಆಮೇಲೆ ಹುಡುಕುವುದು ಕಲಿಯಬಹುದು. ಊಟ ಇಲ್ಲದೆ ಎರಡು ದಿನ ಕಳೆಯಬಹುದು, ನೀರಿಲ್ಲದೆ ನಮ್ಮ ಬಿಸಿಲಲ್ಲಿ ಒಂದು ಮಧ್ಯಾಹ್ನವೇ ಜಾಸ್ತಿ.

ನಮ್ಮ ಹಳ್ಳದಲ್ಲಿ ಮೇಲೆ ನೀರು ಹರಿಯುವುದು ನಿಂತ ಮೇಲೂ ಮರಳಿನೊಳಗೆ ಸ್ವಲ್ಪ ದಿನ ಇರುತ್ತದೆ. ಮರಳು ಎಲ್ಲಿ ಕಪ್ಪಗೆ, ತಂಪಾಗಿದೆಯೋ ಅಲ್ಲಿ ಮೊಳಕೈ ಆಳ ತೋಡಿದರೆ ಚಿಲುಮೆ. ಮೊದಲು ಬರುವುದು ಬಗ್ಗಡ, ಎರಡು ಮೂರು ಸಲ ಮೊಗೆದು ಚೆಲ್ಲಿ. ಆಮೇಲೆ ಬರುವ ನೀರನ್ನು ನಾಲ್ಕು ಮಡಿಕೆ ಪಂಚೆಯಲ್ಲಿ ಸೋಸಬೇಕು. ಹಿಂದೆಲ್ಲ ಚಿಲ್ಲದ ಬೀಜವನ್ನು ಪಾತ್ರೆಯ ಒಳಗೆ ತೇಯ್ದು ನೀರು ತುಂಬಿಡುತ್ತಿದ್ದರು, ಬೆಳಿಗ್ಗೆಗೆ ಕೆಸರೆಲ್ಲ ತಳ ಹಿಡಿದಿರುತ್ತಿತ್ತು. ತಿಳಿಯಾಯಿತು ಅಂತ ಹಾಗೇ ಕುಡಿಯಬೇಡಿ. ಕೊತಕೊತ ಕುದಿ ಬಂದಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಈರುಳ್ಳಿ, ಹತ್ತಿ, ದಾಳಿಂಬೆ ತೋಟದ ಕೆಳಗಿನ ಗುಂಡಿ ನೀರು ಎಷ್ಟು ಕುದಿಸಿದರೂ ಬೇಡ, ಹೊಡೆದ ಔಷಧಿ ಕುದಿಸಿದರೆ ಹೋಗುವುದಿಲ್ಲ.

ಬೆಂಕಿಗೆ ಮಂಡಿಯಷ್ಟು ಗುಂಡಿ ತೆಗೆದು ಮೂರು ಕಲ್ಲು ಹೂಡಿ. ಗಾಳಿ ನಮ್ಮ ಕಡೆ ಹೇಗೆ ಬೀಸುತ್ತದೆ ಅಂತ ಗುಡ್ಡದ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳನ್ನು ನೋಡಿದರೇ ಗೊತ್ತಾಗುತ್ತದೆ, ಒಂದು ಕಿಡಿ ಹಾರಿದರೆ ಪಕ್ಕದವರ ಮೇವಿನ ಬಣವೆ ಹೋಯಿತು. ಚಕಮಕಿ ಕಲ್ಲಿಗೆ ಉಕ್ಕಿನ ತುಂಡು ಬಡಿದು ಹಚ್ಚುವುದು ನಮ್ಮ ಕುರಿಗಾರ ಮಾವನಿಗೆ ಬರುತ್ತದೆ, ತೋರಿಸುತ್ತಾರೆ. ಆದರೂ ಬೆಂಕಿಪೊಟ್ಟಣ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟುಕೊಂಡಿರಿ.

ನಮ್ಮ ಹೊಲಕ್ಕೇ ಬನ್ನಿ, ಹಬ್ಬದ ಹೊತ್ತಿಗೆ ಶೇಂಗಾ ಕಿತ್ತಿರುತ್ತೇವೆ. ಬರುವ ಎರಡು ದಿನ ಮುಂಚೆ ಇಲ್ಲೇ ಮೆಸೇಜ್ ಹಾಕಿ. ಅಮ್ಮನಿಗೆ ಹೇಳಿಟ್ಟಿದ್ದೇನೆ, ಸೊಪ್ಪಿನ ಗುರುತು ಅವರೇ ಹೇಳಿಕೊಡುತ್ತಾರಂತೆ.