ಹಗ್ಗ ಎಳೆಯುವ ರೈಲು ಮತ್ತು ದುರ್ಗದ ಕೋಟೆ

ಭಾವ (ಚಿತ್ರದುರ್ಗ): ಎಲ್ಲರೂ ಈ ವಿಡಿಯೊವನ್ನು ಪೂರ್ತಿಯಾಗಿ ನೋಡಬೇಕೆಂದು ಕೋರುತ್ತೇನೆ. "ಎಂಜಿನ್ ಇಲ್ಲ, ಡೀಸೆಲ್ ಇಲ್ಲ, ಕರೆಂಟ್ ಇಲ್ಲ! ಇಳಿಯುವ ಬಂಡಿಯ ಭಾರದಿಂದಲೇ ಏರುವ ಬಂಡಿ ಮೇಲೆ ಹೋಗುವ ಸ್ಯಾನ್ ಫ್ರಾನ್ಸಿಸ್ಕೊದ ಅದ್ಭುತ ರೈಲು." ನಮ್ಮ ಕೋಟೆಗೂ ಇಂಥದ್ದೊಂದನ್ನು ಹಾಕಿದರೆ ವಯಸ್ಸಾದವರು ಏಕನಾಥೇಶ್ವರಿಯ ದರ್ಶನವನ್ನು ಸುಲಭವಾಗಿ ಮಾಡಬಹುದು.

ನಾನು: ಭಾವ, ಇದರಲ್ಲಿ ಚಿತ್ರ ಒಂದು ರೈಲಿನದು, ವಿವರಣೆ ಬೇರೊಂದರದು. ಸ್ಯಾನ್ ಫ್ರಾನ್ಸಿಸ್ಕೊದ ಬಂಡಿಗಳು ಒಂದರ ಭಾರದಿಂದ ಇನ್ನೊಂದು ಏರುವ ಜಾತಿಯವಲ್ಲ. ತಂತಿಹಗ್ಗ ತಯಾರಿಸುತ್ತಿದ್ದ ಆಂಡ್ರ್ಯೂ ಹ್ಯಾಲಿಡಿ ಎಂಬುವರು 1873ರಲ್ಲಿ ಆ ಊರಿನ ಕ್ಲೇ ಬೀದಿಯ ಏರಿನಲ್ಲಿ ಈ ಬಂಡಿಗಳನ್ನು ಆರಂಭಿಸಿದರು. ರಸ್ತೆಯ ಅಡಿಯಲ್ಲಿ ಉಕ್ಕಿನ ಹಗ್ಗವೊಂದು ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ನಿರಂತರವಾಗಿ ಓಡುತ್ತಿರುತ್ತದೆ. ಬಂಡಿಯ ಚಾಲಕನು ಹಳಿಗಳ ನಡುವಿನ ಸೀಳಿನಿಂದ ಇಳಿಬಿಟ್ಟ ಇಕ್ಕಳದಿಂದ ಆ ಹಗ್ಗವನ್ನು ಹಿಡಿದರೆ ಬಂಡಿ ಹೊರಡುತ್ತದೆ, ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತದೆ. ಹಗ್ಗವನ್ನು ಓಡಿಸಲು ಆಗ ಉಗಿಯಂತ್ರವಿತ್ತು, ಈಗ ವಿದ್ಯುತ್ ಮೋಟಾರುಗಳಿವೆ. ಎಂಜಿನ್ ಬಂಡಿಯಲ್ಲಿ ಇಲ್ಲವೆಂಬುದು ನಿಜ, ಆದರೆ ಅದು ಬೇರೊಂದು ಕಟ್ಟಡದಲ್ಲಿ ಕುಳಿತಿದೆ.

ದೊಡ್ಡಪ್ಪ: ಸರಿಯಾಗಿ ಹೇಳಿದೆ. ಅಳಿಯಂದಿರೇ, ದಾವಣಗೆರೆಯ ಹಳೆಯ ಹತ್ತಿ ಗಿರಣಿಗಳಲ್ಲಿ ಒಂದೇ ಯಂತ್ರದಿಂದ ಉದ್ದನೆಯ ಶಾಫ್ಟ್ ತಿರುಗಿಸಿ, ಅದರಿಂದ ಪಟ್ಟಿಗಳ ಮೂಲಕ ಮಗ್ಗಗಳಿಗೆ ಚಾಲನೆ ಕೊಡುತ್ತಿದ್ದ ಕ್ರಮವನ್ನು ನಮ್ಮ ಕಾಲದವರು ಬಲ್ಲರು. ಅರ್ಧ ಮಗ್ಗಗಳು ನಿಂತಿದ್ದರೂ ಶಾಫ್ಟ್ ಮಾತ್ರ ತಿರುಗುತ್ತಲೇ ಇರಬೇಕಾಗಿತ್ತು. ಬೀದಿಯ ಕೇಬಲ್ ರೈಲಿನ ಕಷ್ಟವೂ ಅದೇ. ಮೈಲುಗಟ್ಟಲೆ ಹಗ್ಗವನ್ನು ರಾಟೆಗಳ ಮೇಲೆ ಎಳೆಯುವುದಕ್ಕೇ ಶಕ್ತಿಯ ಬಹುಪಾಲು ಖರ್ಚಾಗುತ್ತದೆ, ಜನರನ್ನು ಸಾಗಿಸಲು ಉಳಿಯುವುದು ಅಲ್ಪ. 1888ರಲ್ಲಿ ಫ್ರಾಂಕ್ ಸ್ಪ್ರೇಗ್ ಅಮೆರಿಕದ ರಿಚ್ಮಂಡ್‌ನಲ್ಲಿ ವಿದ್ಯುತ್ ಟ್ರ್ಯಾಮ್ ಜಾಲವನ್ನು ಯಶಸ್ವಿಯಾಗಿ ಓಡಿಸಿದ ಮೇಲೆ ಊರೂರುಗಳು ಹಗ್ಗವನ್ನು ಬಿಟ್ಟುಕೊಟ್ಟವು.

ಭಾವ (ಚಿತ್ರದುರ್ಗ): ಮಾವನವರೇ, ಅಷ್ಟು ದಂಡದ ಯಂತ್ರವಾಗಿದ್ದರೆ ಮೊದಲಿಗೆ ಅದನ್ನು ಯಾರು ತಾನೇ ಕಟ್ಟುತ್ತಿದ್ದರು?

ದೊಡ್ಡಪ್ಪ: ದಂಡ ಎಂದು ನಾನು ಹೇಳಲಿಲ್ಲ. ಮೊದಲ ಉಗಿಬಂಡಿಗಳಿಗೆ ಏರು ಹತ್ತುವ ಶಕ್ತಿ ಕಡಿಮೆಯಿದ್ದುದರಿಂದ, ದಿಣ್ಣೆಯ ಮೇಲೆ ಯಂತ್ರವನ್ನು ಕೂರಿಸಿ ಹಗ್ಗದಿಂದ ಎಳೆಯುವುದು ಆ ಕಾಲಕ್ಕೆ ಜಾಣತನವೇ ಆಗಿತ್ತು. 1830ರಲ್ಲಿ ಆರಂಭವಾದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿನಲ್ಲಿ ಬಂದರಿನ ಕಡೆಯ ಸುರಂಗದೊಳಗಿನ ಏರು ಹಗ್ಗದ್ದು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಕ್ಯಾಮ್ಡೆನ್‌ವರೆಗೆ 1837ರಿಂದ 1844ರವರೆಗೆ ರೈಲುಗಳು ಹಗ್ಗದಿಂದಲೇ ಹೊರಡುತ್ತಿದ್ದವು. ಇವೆಲ್ಲಕ್ಕಿಂತ ನನಗೆ ಸೋಜಿಗವೆನಿಸುವುದು 1840ರ ಲಂಡನ್–ಬ್ಲ್ಯಾಕ್‌ವಾಲ್ ರೈಲು. ಪ್ರತಿ ನಿಲ್ದಾಣಕ್ಕೂ ಒಂದೊಂದು ಡಬ್ಬಿ. ಹಗ್ಗ ಓಡುತ್ತಿರುವಾಗಲೇ ಆಯಾ ಡಬ್ಬಿಯನ್ನು ಬಿಡಿಸಿ ಅದರ ನಿಲ್ದಾಣದಲ್ಲಿ ನಿಲ್ಲಿಸುತ್ತಿದ್ದರು. ಮರಳುವಾಗ ಎಲ್ಲ ನಿಲ್ದಾಣಗಳಿಂದಲೂ ತಂತಿ ಸಂದೇಶ ಬಂದ ಮೇಲೆ ಯಂತ್ರ ಚಾಲೂ ಆಗಿ, ಎಲ್ಲ ಡಬ್ಬಿಗಳೂ ಏಕಕಾಲಕ್ಕೆ ಹೊರಟು, ಒಂದರ ಹಿಂದೆ ಒಂದರಂತೆ ಕೊನೆಯ ನಿಲ್ದಾಣವನ್ನು ಸೇರುತ್ತಿದ್ದವು. ಹೀಗಾಗಿ ನಡುವಿನ ಒಂದು ನಿಲ್ದಾಣದಿಂದ ಪಕ್ಕದ ನಿಲ್ದಾಣಕ್ಕೆ ಹೋಗಬೇಕಾದವನು ಕೊನೆಯವರೆಗೂ ಹೋಗಿ ಹಿಂತಿರುಗಬೇಕಾಗಿತ್ತು! 1849ರಲ್ಲಿ ಅದೂ ಉಗಿಬಂಡಿಗೆ ಬದಲಾಯಿತು.

ಅತ್ತೆ: ಅಣ್ಣಾ, ಲಂಡನ್ನಿನ ಕಥೆ ಇರಲಿ. ನಾನು ಪಳನಿಯಲ್ಲಿ ಹಳಿಯ ಮೇಲಿನ ವಿಂಚ್ ಡಬ್ಬಿಯಲ್ಲಿ ಕುಳಿತು ಬೆಟ್ಟ ಹತ್ತಿದವಳು. ಮಂಡಿನೋವಿನವರಿಗೆ ಅದು ದೇವರೇ ಕೊಟ್ಟ ವರ. ಅಲ್ಲಿ ಆಗುವುದು ದುರ್ಗದಲ್ಲಿ ಏಕೆ ಆಗದು ಎಂಬುದನ್ನು ಮಾತ್ರ ಹೇಳಿ.

ನಾನು: ಅತ್ತೆ, ನೀವು ಕುಳಿತದ್ದು ಒಂದರ ಭಾರದಿಂದ ಇನ್ನೊಂದು ಏರುವ ಜಾತಿಯದು, ಮತ್ತು ಭಾವನವರ ಫಾರ್ವರ್ಡ್ ವರ್ಣಿಸುತ್ತಿರುವುದೂ ಅದನ್ನೇ. ಪಳನಿಯ ವಿಂಚ್ 1966ರಿಂದ ನಡೆಯುತ್ತಿದೆ. ಈ ಬಗೆಯ ಬೆಟ್ಟದ ರೈಲಿನಲ್ಲಿ ಸಾಮಾನ್ಯವಾಗಿ ಎರಡು ಡಬ್ಬಿಗಳನ್ನು ಒಂದೇ ಹಗ್ಗದ ಎರಡು ತುದಿಗಳಿಗೆ ಕಟ್ಟಿ, ಹಗ್ಗವನ್ನು ಮೇಲಿನ ದೊಡ್ಡ ಚಕ್ರದ ಮೇಲೆ ಹಾಯಿಸುತ್ತಾರೆ. ಡಬ್ಬಿಗಳ ತೂಕ ಒಂದನ್ನೊಂದು ಸರಿತೂಗಿಸುವುದರಿಂದ ಮೋಟಾರು ಎತ್ತಬೇಕಾದದ್ದು ಎರಡೂ ಕಡೆಯ ಪ್ರಯಾಣಿಕರ ತೂಕದ ವ್ಯತ್ಯಾಸವನ್ನು ಮಾತ್ರ. ಅದರ ಮೇಲೆ ಹಗ್ಗದ ತೂಕ ಮತ್ತು ಘರ್ಷಣೆ ಸೇರುತ್ತವೆ. ಒಂಟಿ ಹಳಿಯಲ್ಲೇ ಎರಡೂ ಓಡಿದರೂ ನಡುದಾರಿಯಲ್ಲಿ ಹಳಿ ಎರಡಾಗಿ ಕವಲೊಡೆದು ಮತ್ತೆ ಕೂಡುವುದರಿಂದ ಡಿಕ್ಕಿಯಾಗುವುದಿಲ್ಲ. ಕಾರ್ಲ್ ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರ್ ರೂಪಿಸಿದ ಏರ್ಪಾಡಿನಲ್ಲಿ ಒಂದು ಡಬ್ಬಿಯ ಎಡಗಡೆಯ ಚಕ್ರಗಳಿಗೂ ಇನ್ನೊಂದರ ಬಲಗಡೆಯ ಚಕ್ರಗಳಿಗೂ ಹಳಿಯನ್ನು ಎರಡೂ ಬದಿಯಿಂದ ತಬ್ಬಿ ಹಿಡಿಯುವ ಅಂಚುಗಳಿರುತ್ತವೆ, ಎದುರು ಬದಿಯವು ಅಂಚಿಲ್ಲದ ಅಗಲ ಚಕ್ರಗಳು. ಹಾಗಾಗಿ ಅಲುಗುವ ಭಾಗ ಒಂದೂ ಇಲ್ಲದ ಕವಲಿನಲ್ಲಿ ಪ್ರತಿ ಡಬ್ಬಿಯೂ ಸದಾ ತನ್ನ ಬದಿಗೇ ತಿರುಗುತ್ತದೆ. ಇಷ್ಟು ಸರಳವಾದ ಉಪಾಯವನ್ನು ನಾನು ಬೇರೆ ಯಾವ ರೈಲಿನಲ್ಲೂ ಕಂಡಿಲ್ಲ.

ಭಾವ (ಚಿತ್ರದುರ್ಗ): ಹಾಗಾದರೆ ಕರೆಂಟ್ ಇಲ್ಲದೆ ನಡೆಯುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲವಲ್ಲ! ಪೋರ್ಚುಗಲ್ಲಿನ ಬ್ರಾಗಾ ಊರಿನ ಬೊಂ ಜೆಸುಸ್ ಬೆಟ್ಟದಲ್ಲಿ 1882ರಿಂದ ಇಂದಿನವರೆಗೆ ನೀರಿನ ಭಾರದಿಂದಲೇ ಡಬ್ಬಿಗಳು ಓಡುತ್ತಿವೆ. ಮೇಲಿನ ಡಬ್ಬಿಯ ತೊಟ್ಟಿಗೆ ನೀರು ತುಂಬಿದರೆ ಅದು ಇಳಿಯುತ್ತದೆ, ಕೆಳಗಿನದು ಏರುತ್ತದೆ. ನಮ್ಮ ಕೋಟೆಯ ಮೇಲೆ ಅಕ್ಕ-ತಂಗಿಯರ ಹೊಂಡವಿದೆ, ಗೋಪಾಲಸ್ವಾಮಿ ಹೊಂಡವಿದೆ.

ದೊಡ್ಡಪ್ಪ: ಅಳಿಯಂದಿರೇ, ಮೇಲೆ ತಾನಾಗಿ ನೀರು ಒದಗುವ ಬೆಟ್ಟದಲ್ಲಿ ಆ ಲೆಕ್ಕ ಸರಿ. ಬರಕ್ಕೆ ಹೆಸರಾದ ದುರ್ಗದಲ್ಲಿ ಪ್ರತಿ ಸುತ್ತಿಗೂ ಹೊಂಡದ ನೀರನ್ನು ಕೆಳಗೆ ಚೆಲ್ಲಿದರೆ ಅದನ್ನು ಮತ್ತೆ ಮೇಲೇರಿಸಲು ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು. ಪಾಳೆಯಗಾರರು ಮುತ್ತಿಗೆಯ ಕಾಲಕ್ಕೆಂದು ಮಳೆನೀರು ಹಿಡಿದಿಟ್ಟ ಹೊಂಡಗಳನ್ನು ಬಂಡಿ ಇಳಿಸುವುದಕ್ಕೆ ಖಾಲಿ ಮಾಡುವ ಯೋಜನೆಗೆ ನಾನಂತೂ ಒಪ್ಪಲಾರೆ.

ಅತ್ತೆ: ಸುರಕ್ಷತೆಯ ಮಾತನ್ನು ಯಾರೂ ಎತ್ತಲಿಲ್ಲ. ಹಗ್ಗ ಹರಿದರೆ ಗತಿಯೇನು?

ನಾನು: ಕೇಳಬೇಕಾದ ಪ್ರಶ್ನೆ ಅದೇ, ಅತ್ತೆ. ಈಗಿನ ರೈಲುಗಳಲ್ಲಿ ಹಗ್ಗ ಸಡಿಲವಾದ ಕೂಡಲೇ ಹಳಿಯನ್ನೇ ಕಚ್ಚಿ ಹಿಡಿಯುವ ಬ್ರೇಕ್ ಡಬ್ಬಿಯಲ್ಲಿಯೇ ಇರುತ್ತದೆ. ಆದರೆ ಲಿಸ್ಬನ್ನಿನ ಗ್ಲೋರಿಯಾ ರೈಲು 1885ರ ಕಾಲದ್ದು. 2025ರ ಸೆಪ್ಟೆಂಬರ್ 3ರಂದು ಅಲ್ಲಿ ಹಗ್ಗವು ಡಬ್ಬಿಗೆ ಸೇರುವ ಜಾಗದಲ್ಲಿ ಕಳಚಿ 16 ಜನ ಸತ್ತರು. ಚಾಲಕ ಬ್ರೇಕ್ ಹಾಕಿದರೂ ಹಗ್ಗದ ಸರಿತೂಕವಿಲ್ಲದೆ ಡಬ್ಬಿಯನ್ನು ನಿಲ್ಲಿಸುವಷ್ಟು ಬಲ ಆ ಬ್ರೇಕಿಗೆ ಇರಲಿಲ್ಲ. ಅದೇ ದಿನ ಬೆಳಿಗ್ಗೆ ತಪಾಸಣೆ ನಡೆದಿತ್ತು. ತುಂಡಾದ ಜಾಗ ಮಾತ್ರ ಬಿಚ್ಚದ ಹೊರತು ಕಣ್ಣಿಗೆ ಕಾಣುವಂತಿರಲಿಲ್ಲ.

ಭಾವ (ಚಿತ್ರದುರ್ಗ): ಹೊಸದಾಗಿ ಕಟ್ಟುವವರು ಹೊಸ ಬ್ರೇಕನ್ನೇ ಹಾಕುತ್ತಾರೆ. ಒಂದು ಅಪಘಾತಕ್ಕೆ ಹೆದರಿ ಯೋಜನೆಯನ್ನೇ ಕೈಬಿಡಬೇಕೆ?

ದೊಡ್ಡಪ್ಪ: ಹೆದರಿಕೆಯ ಮಾತಲ್ಲ, ಜಾಗದ ಮಾತು. ಈ ರೈಲಿಗೆ ಬುಡದಿಂದ ತುದಿಯವರೆಗೆ ಆದಷ್ಟು ನೇರವಾದ ದಾರಿ ಬೇಕು. ನಮ್ಮದು ಏಳು ಸುತ್ತಿನ ಕೋಟೆ. ಶತ್ರು ನೇರವಾಗಿ ನುಗ್ಗಬಾರದೆಂದೇ ಬಾಗಿಲುಗಳನ್ನು ತಿರುವುಗಳಲ್ಲಿ ಇಟ್ಟಿದ್ದಾರೆ. ಗೋಡೆ ಒಡೆಯದೆ, ಬಂಡೆ ಸಿಡಿಸದೆ ಅದರೊಳಗೆ ಹಳಿ ಹಾಯುವುದಿಲ್ಲ, ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗದಲ್ಲಿ ಅದಕ್ಕೆ ಅನುಮತಿಯೂ ಸಿಗುವುದಿಲ್ಲ.

ಭಾವ (ಚಿತ್ರದುರ್ಗ): "ಕರೆಂಟ್ ಇಲ್ಲ" ಎಂಬ ಸಾಲನ್ನು ತೆಗೆದು, ಸ್ಯಾನ್ ಫ್ರಾನ್ಸಿಸ್ಕೊದ ಬದಲು ಪಳನಿಯ ಚಿತ್ರವನ್ನು ಸೇರಿಸಿ ಮತ್ತೆ ಕಳುಹಿಸುತ್ತೇನೆ. ಕೋಟೆಯ ಹೊರಮೈಯಲ್ಲಿ ನೇರ ದಾರಿ ಇದೆಯೇ ಎಂಬುದನ್ನು ಬಲ್ಲವರು ಒಮ್ಮೆ ಅಳೆದು ನೋಡಲಿ ಎಂಬ ನನ್ನ ಒತ್ತಾಯ ಮಾತ್ರ ಹಾಗೆಯೇ ಇರುತ್ತದೆ.

ದೊಡ್ಡಪ್ಪ: ಅಳೆಯುವುದಕ್ಕೆ ನನ್ನ ಅಡ್ಡಿಯಿಲ್ಲ.